ರಿಪೇರಿಗೂ ಮೊದಲು ಫೈಲ್‌ನ ನಕಲು ಇರಲಿ

ಮಾನ್ಯ ಸಂಪಾದಕರೇ,

ಕೆಟ್ಟುಹೋದ ಡೇಟಾಬೇಸ್ ಫೈಲ್‌ಗಳಿಂದ ಮಾಹಿತಿ ಹೊರತೆಗೆದು ಕೊಡುವುದು ನನ್ನ ವೃತ್ತಿ. ಕರೆಂಟ್ ಹೋಗಿಯೋ ಡಿಸ್ಕ್ ಕೈಕೊಟ್ಟೋ ಆದ ಹಾನಿಗಿಂತ, ಆಮೇಲೆ ಗಾಬರಿಯಲ್ಲಿ ಮಾಡಿದ ರಿಪೇರಿಯೇ ಹೆಚ್ಚು ದಾಖಲೆಗಳನ್ನು ನುಂಗಿರುವುದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕಾಗಿಯೇ ಈ ಪತ್ರ.

'ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್' (ಡೇಟಾಬೇಸ್ ಫೈಲ್ ಕೆಟ್ಟಿದೆ) ಎಂಬ ಸಂದೇಶ ಕಂಡೊಡನೆ ಎಲ್ಲವೂ ಹೋಯಿತೆಂದು ಜನ ಕೈಚೆಲ್ಲುತ್ತಾರೆ. ಹಾಗೇನಿಲ್ಲ. ಈ ಸಂದೇಶ ಕೊಡುವ ಎಸ್‌ಕ್ಯೂಲೈಟ್, ಇಡೀ ಡೇಟಾಬೇಸನ್ನು ಒಂದೇ ಫೈಲ್‌ನಲ್ಲಿಡುವ ತಂತ್ರಾಂಶ. ಅದರ ಫೈಲ್ ಎಂದರೆ ಒಂದರ ಹಿಂದೊಂದು ಜೋಡಿಸಿದ ಪುಟಗಳು. ಒಂದೊಂದು ಪುಟ ಸಾಮಾನ್ಯವಾಗಿ 4096 ಬೈಟ್. ಒಂದು ಪುಟ ಕೆಟ್ಟರೆ ಮಿಕ್ಕವು ಇದ್ದಲ್ಲೇ ಇರುತ್ತವೆ. ಕೆಟ್ಟದ್ದು ಬೇರೆ ಪುಟಗಳ ವಿಳಾಸ ಹೊತ್ತ ಪುಟವಾಗಿದ್ದರೆ ಅವು ಪ್ರೋಗ್ರಾಂನ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಬರೀ ಇಂಡೆಕ್ಸ್, ಅಂದರೆ ದಾಖಲೆಗಳನ್ನು ಬೇಗ ಹುಡುಕಲು ಇಟ್ಟ ಸೂಚಿ, ಕೆಟ್ಟಿದ್ದರಂತೂ ಅದನ್ನು ಹೊಸದಾಗಿ ಕಟ್ಟಿದರೆ ಸಾಕು, ದಾಖಲೆ ಒಂದೂ ಕಳೆದಿರುವುದಿಲ್ಲ.

ಆದ್ದರಿಂದ ಮೊದಲು ಆ ಫೈಲನ್ನು ಬಳಸುವ ಪ್ರೋಗ್ರಾಂಗಳನ್ನೆಲ್ಲ ನಿಲ್ಲಿಸಿ, ಅದನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳಬೇಕು. ಪಕ್ಕದಲ್ಲೇ ಅದೇ ಹೆಸರಿನ, ಕೊನೆಗೆ 'ಜರ್ನಲ್' ಅಥವಾ 'ಡಬ್ಲ್ಯೂಎಎಲ್' ಎಂದಿರುವ ಫೈಲ್ ಇದ್ದರೆ ಅದನ್ನೂ ಬಿಡಬಾರದು. ಇವನ್ನು ಕಸವೆಂದು ಅಳಿಸಿ ಬರುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಇತ್ತೀಚೆಗೆ ನಮೂದಿಸಿದ್ದು ಮುಖ್ಯ ಫೈಲ್ ಸೇರದೆ ಇನ್ನೂ ಡಬ್ಲ್ಯೂಎಎಲ್‌ನಲ್ಲೇ ಇರಬಹುದು. ಜರ್ನಲ್ ಅಳಿಸಿದರೆ, ಅರ್ಧಕ್ಕೆ ನಿಂತ ಬದಲಾವಣೆಯನ್ನು ರದ್ದುಮಾಡಿ ಹಿಂದಿನ ಸ್ಥಿತಿಗೆ ಮರಳುವ ದಾರಿಯೇ ಮುಚ್ಚುತ್ತದೆ.

ಒಂದು ಸಣ್ಣ ಚಿಕಿತ್ಸಾಲಯದವರು ರೋಗಿಗಳ ದಾಖಲೆ ಹಿಡಿದು ಬಂದಿದ್ದರು. ಕೆಟ್ಟ ಫೈಲ್‌ನಿಂದ ಡಂಪ್ (ಡೇಟಾಬೇಸನ್ನು ಮತ್ತೆ ಕಟ್ಟುವ ಆದೇಶಗಳ ಪಠ್ಯ ಫೈಲ್) ತೆಗೆದು ಹೊಸ ಫೈಲ್‌ಗೆ ತುಂಬಿದ್ದಾರೆ, ನೋಡಿದರೆ ಎಲ್ಲ ಖಾಲಿ. ಡಂಪ್ ಫೈಲನ್ನು ತೆರೆದು ಕೊನೆಯ ಸಾಲಿಗೆ ಹೋದೆ. 'ಕಮಿಟ್' (ಖಾಯಂ ಮಾಡು) ಇರಬೇಕಾದ ಕಡೆ 'ರೋಲ್‌ಬ್ಯಾಕ್' (ರದ್ದುಮಾಡು) ಎಂದಿತ್ತು. ಓದುವಾಗ ದೋಷ ಎದುರಾದರೆ ಎಸ್‌ಕ್ಯೂಲೈಟ್ ಡಂಪನ್ನು ಹೀಗೆ ಮುಗಿಸುತ್ತದೆ. ಆಗ ತುಂಬಿದ್ದೆಲ್ಲ ಕೊನೆಯಲ್ಲಿ ರದ್ದಾಗುತ್ತದೆ. ಆ ಒಂದು ಸಾಲು ಬದಲಿಸಿದ್ದಕ್ಕೆ ಬಹಳಷ್ಟು ಹೆಸರುಗಳು ವಾಪಸು ಬಂದವು. ಉಳಿದವನ್ನು 'ರಿಕವರ್' ಆದೇಶದಿಂದ ಹುಡುಕಬಹುದಿತ್ತು. ಅದು ಪುಟಪುಟವನ್ನೂ ಜಾಲಾಡಿ, ಯಾವ ಟೇಬಲ್‌ಗೆ ಸೇರಿದ್ದೆಂದು ಗೊತ್ತಾಗದ ಸಾಲುಗಳನ್ನೂ 'ಲಾಸ್ಟ್ ಅಂಡ್ ಫೌಂಡ್' ಎಂಬ ಬೇರೆ ಟೇಬಲ್‌ನಲ್ಲಿ ಇಟ್ಟುಕೊಡುತ್ತದೆ. ಆದರೆ ಹುಡುಕಲು ಮೂಲ ಫೈಲೇ ಇರಲಿಲ್ಲ. ಖಾಲಿ ಫೈಲನ್ನು ಅದರ ಮೇಲೆಯೇ ಉಳಿಸಿಬಿಟ್ಟಿದ್ದರು.

ದೊಡ್ಡ ಡೇಟಾಬೇಸ್‌ಗಳಿಗೂ ಇದೇ ಮಾತು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ಡೇಟಾ ಸಂಗ್ರಹಿಸುವ ಭಾಗವಾದ ಇನ್ನೋಡಿಬಿಯಲ್ಲಿ ಬಲವಂತದ ರಿಕವರಿಗೆ 1ರಿಂದ 6ರವರೆಗೆ ಹಂತಗಳಿವೆ. 4 ಮತ್ತು ಅದರ ಮೇಲಿನವು ಡೇಟಾವನ್ನು ಶಾಶ್ವತವಾಗಿ ಕೆಡಿಸಬಹುದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಹಾಗಿದ್ದೂ ನೇರವಾಗಿ 6 ಹಾಕಿ ನೋಡುವವರಿದ್ದಾರೆ.

ಬಳಸುವವರನ್ನು ದೂರಿ ಫಲವಿಲ್ಲ. ದೋಷ ತೋರಿಸುವ ಕಿಟಕಿಯಲ್ಲಿ 'ರಿಪೇರಿ' ಎಂಬ ಬಟನ್ ಒಂದೇ ಇದ್ದರೆ ಯಾರಾದರೂ ಒತ್ತಿಯೇ ಒತ್ತುತ್ತಾರೆ. ಸಾಫ್ಟ್‌ವೇರ್ ತಯಾರಿಸುವವರಲ್ಲಿ ನನ್ನ ಕಳಕಳಿಯ ವಿನಂತಿ: ರಿಪೇರಿಗೆ ಕೈಹಾಕುವ ಮೊದಲು ಮೂಲ ಫೈಲ್‌ನ ನಕಲನ್ನು ಪ್ರೋಗ್ರಾಂ ತಾನೇ ತೆಗೆದಿಡಲಿ, ಎಲ್ಲಿಟ್ಟಿದ್ದೇನೆಂದು ತೆರೆಯ ಮೇಲೆ ಹೇಳಲಿ. ನಕಲಿಗೆ ಜಾಗವಿಲ್ಲದಿದ್ದರೆ ರಿಪೇರಿಯನ್ನು ಅಲ್ಲಿಗೇ ನಿಲ್ಲಿಸಲಿ. ದಿನನಿತ್ಯದ ಬ್ಯಾಕಪ್‌ಗೂ, ಬರವಣಿಗೆ ನಡೆಯುತ್ತಿರುವಾಗಲೇ ಫೈಲನ್ನು ನಕಲಿಸುವುದನ್ನು ಬಿಟ್ಟು, ಡೇಟಾಬೇಸ್‌ನಲ್ಲೇ ಇರುವ ಬ್ಯಾಕಪ್ ಆದೇಶವನ್ನು ಬಳಸಲಿ.

– ಒಬ್ಬ ಡೇಟಾ ರಿಕವರಿ ತಂತ್ರಜ್ಞ