ಗಂಗೊಳ್ಳಿಯ ಹಿರಿಯ ಮೀನುಗಾರರಿಗೆ ಕೃತಜ್ಞತೆಗಳು

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕಾ ನದಿಗಳು ಒಂದಾಗಿ ಕಡಲು ಸೇರುವ ಗಂಗೊಳ್ಳಿ ಅಳಿವೆಯ ಬಳಿ, ಮೋಟಾರು ದೋಣಿ ನಡೆಸಲು ಹೊಸದಾಗಿ ಕಲಿಯುತ್ತಿದ್ದ ನಮ್ಮನ್ನು ಹೊರಡುವ ಮುನ್ನವೇ ತಡೆದು ತಿಳಿಹೇಳಿದ, ಹೆಸರನ್ನೂ ಹೇಳದೆ ಹೋದ ಹಿರಿಯ ಮೀನುಗಾರರಿಗೆ ಹೃತ್ಪೂರ್ವಕ ಧನ್ಯವಾದಗಳು. ಇಳಿತದಲ್ಲಿ ರಭಸದಿಂದ ಹೊರಹರಿಯುವ ನೀರು ಒಳಬರುವ ಅಲೆಗಳಿಗೆ ಎದುರಾದಾಗ, ಮರಳದಿಬ್ಬದ ಮೇಲೆ ಅವು ಕಡಿದಾಗಿ ಎದ್ದು ಮುರಿಯುತ್ತವೆಂದೂ, ಅಲ್ಲಿ ದೋಣಿಯ ಮಗ್ಗುಲನ್ನು ಅಲೆಗೆ ಒಡ್ಡಿದರೆ ಮಗುಚುವುದೆಂದೂ, ಉಬ್ಬರದವರೆಗೆ ಕಾಯುವುದೇ ಲೇಸೆಂದೂ ಅವರು ವಿವರಿಸಿದರು. ಲೈಫ್ ಜಾಕೆಟ್‌ಗಳ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದರು. ಬಾಡಿಗೆಗೆ ದೋಣಿ ಕೊಟ್ಟವರು ಅಷ್ಟು ಶ್ರದ್ಧೆ ತೋರಿರಲಿಲ್ಲ. ಚಾಲಕ ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಂತು ಪ್ರೊಪೆಲರ್‌ನ ಅಪಾಯ ತಪ್ಪಲೆಂದು, ಎಂಜಿನ್ ಸ್ವಿಚ್‌ಗೆ ಜೋಡಿಸಿದ ಸುರಕ್ಷತಾ ಹಗ್ಗವನ್ನು ಅವನ ಮಣಿಕಟ್ಟಿಗೆ ಕಟ್ಟಿಸಿದರು. ಅವರನ್ನು ಬಲ್ಲವರು ನಮ್ಮ ನಮಸ್ಕಾರವನ್ನು ದಯವಿಟ್ಟು ತಲುಪಿಸಬೇಕು.