ದೇಶವೇ ಇಲ್ಲದ ಹುಡುಗ ಜನರಲ್ ಆದದ್ದು

ಪ್ರೀತಿಯ ಮಗಳೇ,

ಮುಂದಿನ ತಿಂಗಳು ಅಮೆರಿಕದ ಪೌರತ್ವದ ಪ್ರಮಾಣ, ಆಮೇಲೆ ನಮ್ಮ ಪಾಸ್‌ಪೋರ್ಟ್ ಒಪ್ಪಿಸಬೇಕು ಅಂದಾಗ ನಿನ್ನ ದನಿ ನಡುಗಿತು. ಫೋನಿನಲ್ಲಿ ನನಗೆ ಮಾತೇ ಹೊರಡಲಿಲ್ಲ. ಅವತ್ತಿನಿಂದ ಅಮೆರಿಕದ ಸೇನೆಯಲ್ಲಿದ್ದ ಜನರಲ್ ಜಾನ್ ಶಾಲಿಕಾಶ್ವಿಲಿ ನೆನಪಾಗುತ್ತಿದ್ದಾರೆ.

ಅವರು ಹುಟ್ಟಿದ್ದು 1936ರಲ್ಲಿ, ಪೋಲೆಂಡಿನ ವಾರ್ಸಾದಲ್ಲಿ. ಅಪ್ಪ ಜಾರ್ಜಿಯಾದವರು. ಆ ದೇಶ ಸೋವಿಯತ್ ಪಾಲಾದ ಮೇಲೆ ನೆಲೆ ತಪ್ಪಿದವರು. ಹಾಗಾಗಿ ಹುಡುಗನಿಗೆ ಯಾವ ದೇಶದ ಪೌರತ್ವವೂ ಇರಲಿಲ್ಲ. 1944ರಲ್ಲಿ ನಾಜಿಗಳ ವಿರುದ್ಧ ಎದ್ದ ದಂಗೆಯಲ್ಲಿ ವಾರ್ಸಾ ನೆಲಸಮವಾಯಿತು. ಎಂಟು ವರ್ಷದ ಮಗುವನ್ನು ಕಟ್ಟಿಕೊಂಡು ಮನೆಯವರು ಜರ್ಮನಿ ಸೇರಿದರು. 1952ರಲ್ಲಿ ಅಮೆರಿಕದ ಪಿಯೋರಿಯಾ. ಇಂಗ್ಲಿಷ್ ಅಷ್ಟಕ್ಕಷ್ಟೇ. ಸಿನಿಮಾ ನೋಡಿ ನೋಡಿ ಕಲಿತರಂತೆ.

1958ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು. ಬದುಕಿನಲ್ಲಿ ಅವರಿಗೆ ಸಿಕ್ಕ ಮೊದಲ ಪೌರತ್ವ ಅದೇ! ಅದೇ ವರ್ಷ ಕಡ್ಡಾಯ ಸೇವೆಗೆ ಕರೆ ಬಂತು, ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಮರುವರ್ಷ ಅಧಿಕಾರಿ. ಆಮೇಲೆ ವಿಯೆಟ್ನಾಂ, ಯೂರೋಪ್. 1993ರಲ್ಲಿ ಅಮೆರಿಕದ ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷರಾದರು. ಹೊರದೇಶದಲ್ಲಿ ಹುಟ್ಟಿದವರು ಆ ಕುರ್ಚಿಯಲ್ಲಿ ಕೂತಿದ್ದು ಅದೇ ಮೊದಲು.

ಅದಕ್ಕಿಂತ ಜಾಸ್ತಿ ನನ್ನ ಮನಸ್ಸು ಹೋಗುವುದು 1991ಕ್ಕೆ. ಇರಾಕಿನ ಸದ್ದಾಂನ ಸೈನ್ಯಕ್ಕೆ ಹೆದರಿ ಲಕ್ಷಾಂತರ ಕುರ್ದ್ ಜನ ಟರ್ಕಿ ಗಡಿಯ ಬೆಟ್ಟಗಳನ್ನು ಹತ್ತಿದ್ದರು. ಕೊರೆಯುವ ಚಳಿ, ಕುಡಿಯಲು ಒಳ್ಳೆಯ ನೀರಿಲ್ಲ, ಮಕ್ಕಳು ಭೇದಿಯಿಂದ ಸಾಯುತ್ತಿದ್ದರು. ಹಲವು ದೇಶಗಳ ಪಡೆ ಸೇರಿಸಿ ಅವರನ್ನು ಕಾಪಾಡುವ ಕೆಲಸ ಶಾಲಿಕಾಶ್ವಿಲಿಯವರ ಹೆಗಲಿಗೆ ಬಂತು. ಆಹಾರ, ಕಂಬಳಿ, ಔಷಧಿ ತಲುಪಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಉತ್ತರ ಇರಾಕಿನ ಒಂದು ಭಾಗದಿಂದ ಇರಾಕಿ ಸೈನ್ಯವನ್ನು ಹಿಂದೆ ಸರಿಸಿ, ಜನ ಬೆಟ್ಟ ಇಳಿದು ಊರಿಗೆ ಮರಳುವ ಹಾಗೆ ಮಾಡಿದರು. ಆ ಡೇರೆಗಳ ನಡುವೆ ಓಡಾಡುವಾಗ ಅವರಿಗೆ ವಾರ್ಸಾದ ಆ ಹುಡುಗ ಕಂಡಿರಬೇಕು, ಅಲ್ವಾ? ನನಗಂತೂ ಹಾಗೇ ಅನಿಸುತ್ತದೆ.

ಇನ್ನೊಂದನ್ನೂ ಮುಚ್ಚಿಡಬಾರದು. ಅವರ ಅಪ್ಪ ಯುದ್ಧದಲ್ಲಿ ನಾಜಿಗಳ ವಾಫೆನ್ ಎಸ್‌ಎಸ್ ಎಂಬ ಸಶಸ್ತ್ರ ಪಡೆಯ ಕೆಳಗಿನ ಜಾರ್ಜಿಯನ್ ಪಡೆಯಲ್ಲಿದ್ದರು ಅನ್ನುವುದು 1993ರಲ್ಲಿ ಹೊರಬಂತು. ಆ ನೋವನ್ನೂ ಅವರು ಹೊತ್ತೇ ನಡೆದರು.

ಪಾಸ್‌ಪೋರ್ಟ್ ಕೊಟ್ಟರೆ ನೀನು ನಮ್ಮವಳಲ್ಲ ಅಂತ ಯಾರಾದರೂ ಅಂದರೆ ಸುಮ್ನೆ ನನಗೆ ಫೋನ್ ಕೊಡು. ಪ್ರಮಾಣ ಮುಗಿದ ತಕ್ಷಣ ಕರೆ ಮಾಡು. ಇಲ್ಲಿ ಎಷ್ಟು ಹೊತ್ತಾಗಿದ್ದರೂ ಎದ್ದೇ ಇರುತ್ತೇನೆ.

ನಿನ್ನ ಅಮ್ಮ