ಉಂಡ ಮನೆ, ಗ್ಲೆನ್ಕೋ

ಅಮ್ಮಾ,

ನಿನ್ನೆ ಫೋನಿನಲ್ಲಿ ಏನೂ ಕೇಳಿಸಲಿಲ್ಲ ಅಂದೆಯಲ್ಲ, ಇಲ್ಲಿ ಸುತ್ತಲೂ ಬೆಟ್ಟ, ಸಿಗ್ನಲ್ ಬರುವುದು ಕಿಟಕಿ ಹತ್ತಿರ ಮಾತ್ರ. ಅದಕ್ಕೇ ಬರೆಯುತ್ತಿದ್ದೇನೆ. ಸ್ಕಾಟ್ಲೆಂಡಿನ ಗ್ಲೆನ್ಕೋ ಕಣಿವೆಯಲ್ಲಿ ಕ್ಲಾಖೇಗ್ ಇನ್ ಅನ್ನುವ ಹಳೇ ಜಾಗದಲ್ಲಿ ಇದ್ದೇವೆ. ಇನ್ ಅಂದರೆ ಹಿಂದೆ ದಾರಿಹೋಕರಿಗೆ ಊಟ, ಹಾಸಿಗೆ ಕೊಡುತ್ತಿದ್ದ ನಮ್ಮ ಛತ್ರದಂಥದ್ದು, ಆದರೆ ದುಡ್ಡು ಕೊಡಬೇಕು, ಕುಡಿಯುವುದಕ್ಕೂ ಸಿಗುತ್ತದೆ (ಅಪ್ಪನಿಗೆ ಇದನ್ನು ಹೇಳಬೇಡ).

ಬಸ್ಸಿಳಿದು ನಡೆದು ಬರುವಷ್ಟರಲ್ಲಿ ತೊಯ್ದು ತೊಪ್ಪೆಯಾಗಿದ್ದೆವು. ತೀರ್ಥಹಳ್ಳಿ ಮಳೆ ಥರ ಧೋ ಅಂತ ಸುರಿಯುವುದಿಲ್ಲ. ಸಣ್ಣಗೆ, ಗಾಳಿ ಜೊತೆ ಅಡ್ಡಡ್ಡ ಬಂದು ಕೊಡೆಯನ್ನೇ ತಿರುಗಿಸಿ ಹಾಕುತ್ತದೆ. ಬಾರಿನ ನೆಲ ಕಲ್ಲಿನದು, ಬೆಟ್ಟ ಹತ್ತಿ ಬಂದವರು ಕೆಸರು ಬೂಟಿನಲ್ಲೇ ಒಳಗೆ ಬರುತ್ತಾರೆ, ಸೌದೆ ಒಲೆ ಪಕ್ಕ ಒದ್ದೆ ನಾಯಿಯೊಂದು ಹಾಯಾಗಿ ಮಲಗಿತ್ತು. ನೀನಿದ್ದಿದ್ದರೆ ನಾಯಿಯನ್ನೂ ಅದರ ಯಜಮಾನನನ್ನೂ ಜಗಲಿಯಲ್ಲೇ ನಿಲ್ಲಿಸುತ್ತಿದ್ದೆ.

ಊಟಕ್ಕೆ ಹ್ಯಾಗಿಸ್. ಅಸಲಿ ಹ್ಯಾಗಿಸ್ ಅಂದರೆ ಕುರಿಯ ಹೃದಯ, ಲಿವರ್, ಶ್ವಾಸಕೋಶ ಎಲ್ಲ ಕೊಚ್ಚಿ, ಓಟ್ಸು, ಈರುಳ್ಳಿ, ಕಾಳುಮೆಣಸು ಸೇರಿಸಿ ಕುರಿಯ ಹೊಟ್ಟೆಚೀಲದಲ್ಲೇ ತುಂಬಿ ಬೇಯಿಸುವುದು. ಗಾಬರಿಯಾಗಬೇಡ, ನಾನು ತಿಂದಿದ್ದು ಕಾಳು, ಓಟ್ಸು, ತರಕಾರಿ ಹಾಕಿದ್ದು. ಪಕ್ಕದಲ್ಲಿ ಎರಡು ಗುಡ್ಡೆ. ಬಿಳಿಯದು ಆಲೂಗಡ್ಡೆ, ಹಳದಿಯದು ಟರ್ನಿಪ್ ಜಾತಿಯ ಗಡ್ಡೆ, ಎರಡೂ ಬೆಣ್ಣೆ ಹಾಕಿ ಹಿಸುಕಿದ್ದು. ಹಳದಿಯದಕ್ಕೆ ನೀಪ್ಸ್, ಬಿಳಿಯದಕ್ಕೆ ಟ್ಯಾಟೀಸ್ ಅನ್ನುತ್ತಾರೆ. ಚೆನ್ನಾಗಿತ್ತು, ಆದರೂ ಎರಡನೇ ತುತ್ತಿಗೇ ನೀನು ಕಳಿಸಿದ ಅಪ್ಪೆಮಿಡಿ ನೆನಪಾಯಿತು. ಬಾಟಲಿ ಮೇಲಿನ ರೂಮಿನಲ್ಲೇ ಇತ್ತು, ತರುವುದಕ್ಕೆ ಸುಮ್ನೆ ನಾಚಿಕೊಂಡೆ.

ಹೇಳಲೇಬೇಕಾದ್ದು ರಿಸೆಪ್ಷನ್ನಿನಲ್ಲಿರುವ ಫಲಕದ ಕಥೆ. 'ಸಾಮಾನು ಹೊತ್ತು ಮಾರುವವರಿಗೂ ಕ್ಯಾಂಬೆಲ್‌ಗಳಿಗೂ ಪ್ರವೇಶವಿಲ್ಲ' ಅಂತ ಬರೆದಿದೆ. 1692ರ ಫೆಬ್ರವರಿಯಲ್ಲಿ ಕ್ಯಾಂಬೆಲ್ ಮನೆತನದ ಒಬ್ಬ ಕ್ಯಾಪ್ಟನ್ ಸೈನಿಕರನ್ನು ಕರೆದುಕೊಂಡು ಈ ಕಣಿವೆಗೆ ಬಂದನಂತೆ. ಇಲ್ಲಿನ ಮ್ಯಾಕ್‌ಡೊನಾಲ್ಡ್‌ಗಳು ಚಳಿಗಾಲದಲ್ಲಿ ಬಂದವರು ಅಂತ ಮನೆಮನೆಯಲ್ಲಿ ಉಳಿಸಿಕೊಂಡು, ಹೆಚ್ಚುಕಡಿಮೆ ಎರಡು ವಾರ ಉಣ್ಣಲು ಹಾಕಿದರು. 13ನೇ ತಾರೀಕು ಬೆಳಕು ಹರಿಯುವ ಮೊದಲು ಅದೇ ಸೈನಿಕರು ಅದೇ ಮನೆಯವರ ಮೇಲೆ ಬಿದ್ದರು. ಮೂವತ್ತಕ್ಕೂ ಜಾಸ್ತಿ ಜನ ಸತ್ತರು ಅನ್ನುತ್ತಾರೆ, ತಪ್ಪಿಸಿಕೊಂಡವರಲ್ಲಿ ಎಷ್ಟೋ ಜನ ಹಿಮದಲ್ಲಿ ಸಿಕ್ಕಿ ಸತ್ತರು. ಅಪ್ಪಣೆ ಮೇಲಿನಿಂದ ಬಂದಿತ್ತು, ಮ್ಯಾಕ್‌ಡೊನಾಲ್ಡ್‌ಗಳ ಮುಖ್ಯಸ್ಥ ರಾಜ ವಿಲಿಯಂಗೆ ನಿಷ್ಠೆಯ ಪ್ರಮಾಣ ಮಾಡುವುದು ಕೆಲವು ದಿನ ತಡವಾಗಿದ್ದಕ್ಕೆ! ಅಜ್ಜಿ ಬೈಯುತ್ತಿದ್ದರಲ್ಲ, ಉಂಡ ಮನೆಗೆ ಎರಡು ಬಗೆಯುವವರು ಅಂತ, ಅದೇ. ಫಲಕ ಈಗ ತಮಾಷೆಗೆ. ಆದರೂ ಅದು ನಡೆದು ಮುನ್ನೂರು ವರ್ಷವಾದರೂ ಮರೆತಿಲ್ಲ ನೋಡು, ಕೊಂದಿದ್ದಕ್ಕಿಂತ ಉಂಡು ಕೊಂದಿದ್ದೇ ಇವರಿಗೆ ಜಾಸ್ತಿ ಸಿಟ್ಟು ಅನ್ನಿಸುತ್ತದೆ.

ಇವತ್ತು ಬೆಳಿಗ್ಗೆ ಉಪ್ಪು ಹಾಕಿದ ಓಟ್ಸ್ ಗಂಜಿ. ಇಷ್ಟು ದುಡ್ಡು ಕೊಟ್ಟು ಗಂಜಿ ಕುಡಿಯುವುದಾ ಅಂತ ಅಪ್ಪ ಕೇಳುತ್ತಾರೆ, ಕೇಳಲಿ. ಟ್ಯಾಬ್ಲೆಟ್ ಅಂತ ಒಂದು ಸಿಹಿ ಸಿಗುತ್ತದೆ, ಸಕ್ಕರೆ, ಬೆಣ್ಣೆ, ಗಟ್ಟಿ ಹಾಲು ಕಾಯಿಸಿ ಮಾಡಿದ್ದು, ಬಾಯಲ್ಲಿಟ್ಟರೆ ಬರ್ಫಿ ಥರ ಮರಳು ಮರಳು. ಅದನ್ನು ತರುತ್ತೇನೆ.

ರಾತ್ರಿ ಹತ್ತಾಯಿತು, ಹೊರಗಿನ್ನೂ ಬೆಳಕು. ಬೂಟು ಒಲೆ ಪಕ್ಕ ಇಟ್ಟಿದ್ದೇನೆ, ನಾಯಿ ಎತ್ತಿಕೊಂಡು ಹೋಗದಿದ್ದರೆ ಸಾಕು.

ನಿನ್ನ,
ಸುಮಾ